ನೀರಿನ ಕೀಟವನ್ನು ಬೇಸಿಗೆಯ ಕುರುಚಲಿನಲ್ಲಿ ಹುಡುಕುವುದು

ಏಪ್ರಿಲ್ ಕೊನೆಯ ವಾರದಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲಿ ಅಪರೂಪದ ಒಂದು ಡ್ಯಾಮ್ಸೆಲ್‌ಫ್ಲೈಯನ್ನು ಹುಡುಕಿ ಎಂದು ನಿಮಗೆ ಹೇಳಿದರೆ ಎಲ್ಲಿಗೆ ಹೋಗುತ್ತೀರಿ? ಸಭೆಯ ಮುಂದಿನ ಸಾಲಿನಿಂದ ಆಗಲೇ ಉತ್ತರ ಬಂತು: ಚಂದ್ರವಳ್ಳಿ ಕೆರೆ. ಹಿಂದೆ ಕುಳಿತವರೊಬ್ಬರು ವಾಣಿವಿಲಾಸ ಸಾಗರದ ಹೆಸರು ಹೇಳಿದರು. ಎರಡೂ ಸಹಜವಾದ ಉತ್ತರಗಳೇ. ಈ ಕೀಟದ ಮರಿ ಬೆಳೆಯುವುದು ನೀರಿನೊಳಗೆ, ಹಾಗಾಗಿ ನೀರಿರುವ ಕಡೆಗೆ ಹೋಗಬೇಕು ಎಂದು ಎಲ್ಲರೂ ಭಾವಿಸುತ್ತಾರೆ. ಆದರೆ ನಾನು ಹುಡುಕುವ ಕೀಟ ಆ ಹೊತ್ತಿನಲ್ಲಿ ನೀರಿನ ಹತ್ತಿರ ಇರುವುದಿಲ್ಲ. ಅದು ಕಾರೆ, ಬಾರೆ, ಬಂದರೆ ಗಿಡಗಳ ನಡುವೆ, ಒಣಗಿದ ಹುಲ್ಲಿನ ಕಡ್ಡಿಯೊಂದಕ್ಕೆ ಅಂಟಿಕೊಂಡು ಮಳೆ ಕಾಯುತ್ತಿರುತ್ತದೆ. ಇಂದಿನ ನನ್ನ ಮಾತೆಲ್ಲ ಆ ಕಾಯುವಿಕೆಯ ಬಗ್ಗೆ.

ಏರೋಪ್ಲೇನ್ ಚಿಟ್ಟೆ ಎಂದು ನಾವು ಕರೆಯುವ ಡ್ರ್ಯಾಗನ್‌ಫ್ಲೈಯನ್ನು ನೀವೆಲ್ಲ ನೋಡಿದ್ದೀರಿ. ಡ್ಯಾಮ್ಸೆಲ್‌ಫ್ಲೈ ಅದರದೇ ಗಣಕ್ಕೆ ಸೇರಿದ, ತೆಳ್ಳಗಿನ ಮೈಯ ಕೀಟ. ಏರೋಪ್ಲೇನ್ ಚಿಟ್ಟೆ ಕುಳಿತಾಗಲೂ ರೆಕ್ಕೆಗಳನ್ನು ಅಗಲಿಸಿಕೊಂಡಿರುತ್ತದೆ. ಡ್ಯಾಮ್ಸೆಲ್‌ಫ್ಲೈಗಳಲ್ಲಿ ಹೆಚ್ಚಿನವು ರೆಕ್ಕೆಗಳನ್ನು ಬೆನ್ನಿನ ಮೇಲೆ ಒಟ್ಟಿಗೆ ಮಡಚಿಕೊಳ್ಳುತ್ತವೆ. ಕಣ್ಣುಗಳು ತಲೆಯ ಎರಡು ಬದಿಗಳಲ್ಲಿ ಒಂದಕ್ಕೊಂದು ತಾಕದಷ್ಟು ದೂರವಿರುತ್ತವೆ. ಮರಿಗಳ ಬಾಲದ ತುದಿಯಲ್ಲಿ ಎಲೆಯಾಕಾರದ ಮೂರು ಕಿವಿರುಗಳಿರುತ್ತವೆ. ದಾವಣಗೆರೆ ಸುತ್ತ ಭದ್ರಾ ನಾಲೆಯ ನೀರುಣ್ಣುವ ಭತ್ತದ ಗದ್ದೆಯ ಬದುವಿನ ಮೇಲೆ ಹತ್ತು ನಿಮಿಷ ಕುಳಿತರೆ ಹಳದಿ ಮೈಯ ಸೆರಿಯಾಗ್ರಿಯಾನ್ ಕೊರಮಂಡೇಲಿಯಾನಂ ಕಣ್ಣಿಗೆ ಬೀಳುತ್ತದೆ. ಸೂಳೆಕೆರೆಯ ಅಂಚಿನ ಜೇಕು ಹುಲ್ಲಿನಲ್ಲಿ 2 ಸೆಂಟಿಮೀಟರ್ ಆಸುಪಾಸಿನ ಅಗ್ರಿಯೋಕ್ನೆಮಿಸ್ ಪಿಗ್ಮಿಯಾ ಸಿಗುತ್ತದೆ. ಇವುಗಳನ್ನು ಹುಡುಕಬೇಕಾಗಿಲ್ಲ, ನೋಡಬೇಕು ಅಷ್ಟೇ.

ನಾನು ಹುಡುಕುವುದು ಲೆಸ್ಟಿಡೇ ಕುಟುಂಬದವುಗಳನ್ನು. ಇಂಗ್ಲಿಷ್‌ನಲ್ಲಿ ಇವಕ್ಕೆ ಸ್ಪ್ರೆಡ್‌ವಿಂಗ್ ಎನ್ನುತ್ತಾರೆ, ಏಕೆಂದರೆ ಕುಳಿತಾಗ ಇವು ರೆಕ್ಕೆಗಳನ್ನು ಅರ್ಧ ತೆರೆದಿಡುತ್ತವೆ. ಸುಮಾರು 4 ಸೆಂಟಿಮೀಟರ್ ಉದ್ದದ ಕೀಟ ಕಡ್ಡಿಯೊಂದನ್ನು ಹಿಡಿದು ಓರೆಯಾಗಿ ಜೋತುಬಿದ್ದಿರುತ್ತದೆ. ಅವುಗಳಲ್ಲೂ ನನ್ನ ಮನಸ್ಸು ನೆಟ್ಟಿರುವುದು ಬ್ರೌನ್ ಸ್ಪ್ರೆಡ್‌ವಿಂಗ್ ಎಂಬುದರ ಮೇಲೆ. ವೈಜ್ಞಾನಿಕ ಹೆಸರು ಲೆಸ್ಟಿಸ್ ಅಂಬ್ರಿನಸ್. 1891ರಲ್ಲಿ ಅದಕ್ಕೆ ಹೆಸರಿಟ್ಟವರು ಬೆಲ್ಜಿಯಂನ ಸೆಲಿಸ್ ಲಾಂಗ್‌ಶಾಂಪ್. ಅವರು ಆ ದೇಶದ ಸೆನೆಟ್‌ನ ಅಧ್ಯಕ್ಷರೂ ಆಗಿದ್ದವರು. ರಾಜಕಾರಣದ ನಡುವೆ ಜಗತ್ತಿನ ಮೂಲೆಮೂಲೆಗಳಿಂದ ಬಂದ ಕೀಟಗಳ ರೆಕ್ಕೆಯ ನರಗಳನ್ನು ಜೀವಮಾನವಿಡೀ ಎಣಿಸುತ್ತ ಕುಳಿತ ಮನುಷ್ಯ. ಅಂಥವರ ಬಗ್ಗೆ ನನಗೆ ಅಪಾರ ಗೌರವವಿದೆ.

ಅಪರೂಪ ಎಂಬುದನ್ನು ನಾವು ಒಂದೇ ಬಗೆಯಲ್ಲಿ ಅರ್ಥಮಾಡಿಕೊಂಡಿದ್ದೇವೆ. ಪಶ್ಚಿಮ ಘಟ್ಟದ ರಾಮಪತ್ರೆ ಜಡ್ಡಿಗಳಲ್ಲಿ, ಅಂದರೆ ರಾಮಪತ್ರೆ ಮರಗಳಿರುವ ಜೌಗು ಕಾಡುಗಳಲ್ಲಿ, ಫಿಲ್ಲೋನ್ಯೂರಾ ವೆಸ್ಟರ್ಮನ್ನಿ ಎಂಬ ಡ್ಯಾಮ್ಸೆಲ್‌ಫ್ಲೈ ಇದೆ. ನೆರಳು, ಸದಾ ಜಿನುಗುವ ನೀರು, ಹಳೆಯ ಮರಗಳ ಬೇರು ಇವೆಲ್ಲ ಒಟ್ಟಿಗೆ ಇರುವ ಕೆಲವೇ ಜಾಗಗಳಿಗೆ ಅದು ಕಟ್ಟುಬಿದ್ದಿದೆ. ಜಡ್ಡಿ ಹೋದರೆ ಅದೂ ಹೋಯಿತು. ಇದು ಜಾಗದ ಕಾರಣಕ್ಕೆ ಬಂದ ಅಪರೂಪ. ನಮ್ಮ ಬಯಲುಸೀಮೆಯ ಸ್ಪ್ರೆಡ್‌ವಿಂಗ್‌ಗಳದು ಕಾಲದ ಕಾರಣಕ್ಕೆ ಬಂದ ಅಪರೂಪ. ಬ್ರೌನ್ ಸ್ಪ್ರೆಡ್‌ವಿಂಗ್ ಇಡೀ ದೇಶದಲ್ಲೇ ವಿರಳ ಎಂದು ನಾನು ಹೇಳುವುದಿಲ್ಲ. ಆದರೆ ಚಿತ್ರದುರ್ಗ, ದಾವಣಗೆರೆ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಅದನ್ನು ನೋಡಿದ್ದೇನೆ ಎನ್ನುವವರು ನನಗೆ ತೀರ ಕಡಿಮೆ ಸಿಕ್ಕಿದ್ದಾರೆ. ಕಾರಣ ಸರಳ: ಕ್ಯಾಮೆರಾ ಹಿಡಿದವರು ಮಳೆಗಾಲದಲ್ಲಿ ಘಟ್ಟಕ್ಕೆ ಹೋಗುತ್ತಾರೆ, ಬೇಸಿಗೆಯಲ್ಲಿ ಮನೆಯಲ್ಲಿರುತ್ತಾರೆ. ಭಾರತದ ಈ ಕೀಟಗಳ ಬಗ್ಗೆ 1933ರಿಂದ 1936ರ ನಡುವೆ ಮೂರು ಸಂಪುಟಗಳನ್ನು ಬರೆದ ಎಫ್. ಸಿ. ಫ್ರೇಸರ್ ವೃತ್ತಿಯಲ್ಲಿ ಶಸ್ತ್ರವೈದ್ಯರು. ಅವರು ಕೊಡಗು, ಮಲಬಾರು, ನೀಲಗಿರಿಯ ತೊರೆಗಳಲ್ಲಿ ಬಹಳ ಅಲೆದರು. ಆ ತೊರೆಗಳ ಸೆಳೆತ ಇಂದಿಗೂ ನಮ್ಮೆಲ್ಲರ ಮೇಲಿದೆ. ಹಿರಿಯೂರಿನ ಜಾಲಿ ಬಯಲಿಗೆ ಅಂಥ ಸೆಳೆತ ಇಲ್ಲ, ಅದನ್ನು ನಾವೇ ಹುಟ್ಟಿಸಬೇಕು.

ಇನ್ನು ಇವುಗಳ ಬದುಕಿನ ವರ್ಷಚಕ್ರವನ್ನು ನೋಡೋಣ. ಇದು ಅರ್ಥವಾದರೆ ಹುಡುಕಾಟದ ಅರ್ಧ ಕೆಲಸ ಮುಗಿಯಿತು.

ಚಿತ್ರದುರ್ಗದ ರೈತರಿಗೆ ಮಳೆಯ ಲೆಕ್ಕ ನಾನು ಹೇಳಿಕೊಡಬೇಕಾಗಿಲ್ಲ. ಮುಂಗಾರು ಇಲ್ಲಿಗೆ ತಲುಪುವ ಹೊತ್ತಿಗೆ ಘಟ್ಟದಲ್ಲೇ ಬರಿದಾಗಿರುತ್ತದೆ. ನಮ್ಮ ಗೋಕಟ್ಟೆಗಳು ತುಂಬುವುದು ಹೆಚ್ಚಾಗಿ ಉತ್ತರೆ, ಹಸ್ತ, ಚಿತ್ತಾ ಮಳೆಗಳಲ್ಲಿ, ಅಂದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ದನಕರು, ಕುರಿಗಳಿಗೆಂದು ಊರ ಹೊರಗೆ ಕಟ್ಟಿಕೊಂಡ ಈ ಗೋಕಟ್ಟೆಗಳು ಕೆಲವು ತಿಂಗಳು ನೀರಿಟ್ಟುಕೊಂಡು ಮತ್ತೆ ಒಣಗುತ್ತವೆ. ಒಣಗುವುದೇ ಅವುಗಳ ಗುಣ, ಸ್ಪ್ರೆಡ್‌ವಿಂಗ್‌ಗೆ ಬೇಕಾಗಿರುವುದೂ ಆ ಗುಣವೇ. ವರ್ಷವೂ ಒಣಗುವ ನೀರಿನಲ್ಲಿ ದೊಡ್ಡ ಮೀನು ನೆಲೆಸುವುದಿಲ್ಲ. ಲೆಸ್ಟಿಸ್ ಮರಿಗಳು ಬಚ್ಚಿಟ್ಟುಕೊಂಡು ಕಾಯುವ ಸ್ವಭಾವದವಲ್ಲ. ಅತ್ತಿತ್ತ ಈಜಾಡುತ್ತ, ಮಡಚಿಟ್ಟ ಕೆಳದುಟಿಯನ್ನು ಥಟ್ಟನೆ ಚಾಚಿ ಸೊಳ್ಳೆಮರಿ, ನೀರಿನ ಸಣ್ಣ ಜೀವಿಗಳನ್ನು ಹಿಡಿದು ತಿನ್ನುತ್ತವೆ. ಓಡಾಡಿ ತಿನ್ನುವ ಮರಿ ಬೇಗ ಬೆಳೆಯುತ್ತದೆ, ನೀರು ಇಂಗುವ ಮುನ್ನ ಹೊರಬರಲು ಅದಕ್ಕೆ ಆ ವೇಗ ಬೇಕು. ಆದರೆ ಓಡಾಡುವ ಮರಿ ಮೀನಿನ ಕಣ್ಣಿಗೂ ಬೇಗ ಬೀಳುತ್ತದೆ. ಹಾಗಾಗಿ ಮೀನಿರುವ ದೊಡ್ಡ ಕೆರೆ ಅದಕ್ಕೆ ಸಾವಿನ ಜಾಗ, ಮೀನಿಲ್ಲದ ಗೋಕಟ್ಟೆ ಬದುಕಿನ ಜಾಗ. ವಾಣಿವಿಲಾಸ ಸಾಗರ ಎಂದು ಹೇಳಿದವರಿಗೆ ಇದು ನನ್ನ ಉತ್ತರ. 1907ರಲ್ಲಿ ಮುಗಿದ ಆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದಿತ್ತು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಾವೆಲ್ಲ ಸಂಭ್ರಮಿಸಿದೆವು, ಸಂಭ್ರಮಿಸಬೇಕಾದದ್ದೇ. ಆದರೆ ಈ ಕೀಟದ ಭವಿಷ್ಯ ತೀರ್ಮಾನವಾಗುವುದು ಅಷ್ಟು ದೊಡ್ಡ ನೀರಿನಲ್ಲಿ ಅಲ್ಲ.

ಮರಿ ಜೇಕಿನ ಕಡ್ಡಿಯೇರಿ ಸಿಪ್ಪೆ ಕಳಚಿ ರೆಕ್ಕೆ ಬಂದ ಕೀಟವಾಗುತ್ತದೆ. ಕೆಲವೇ ದಿನಗಳಲ್ಲಿ ಅದು ನೀರು ಬಿಟ್ಟು ಹೊರಡುತ್ತದೆ. ಆಗ ಗೋಕಟ್ಟೆಯ ಸುತ್ತಲಿನ ಕುರುಚಲು ಕಾಡು, ಬೀಳು ಹೊಲ, ಕೊರಕಲುಗಳೇ ಅದರ ಮನೆ. ಉಷ್ಣವಲಯದ ಹಲವು ಲೆಸ್ಟಿಸ್ ಪ್ರಭೇದಗಳು ಒಣ ಋತುವನ್ನು ಹೀಗೆ ಪ್ರೌಢ ಕೀಟದ ರೂಪದಲ್ಲೇ ಕಳೆಯುತ್ತವೆ. ಬಹುತೇಕ ಡ್ಯಾಮ್ಸೆಲ್‌ಫ್ಲೈಗಳ ಪ್ರೌಢ ಜೀವನ ಕೆಲವು ವಾರಗಳದ್ದು, ಇವುಗಳದು ತಿಂಗಳುಗಟ್ಟಲೆ. ಇಷ್ಟೂ ಕಾಲ ಅವು ಕೂಡುವುದಿಲ್ಲ, ಮೊಟ್ಟೆಯಿಡುವುದಿಲ್ಲ. ಮೈಬಣ್ಣ ಒಣಹುಲ್ಲಿನದು. ಕಣ್ಣೂ ಮಂಕು. ಸಿಕ್ಕಿದ ಸಣ್ಣ ನೊಣ, ಸೊಳ್ಳೆ ತಿಂದುಕೊಂಡು ನೆರಳಿನಲ್ಲಿ ತೂಗುತ್ತಿರುತ್ತವೆ. ಮಳೆ ಬಿದ್ದು ಗುಂಡಿಗಳಲ್ಲಿ ನೀರು ನಿಂತಿತೆಂದರೆ ದೇಹ ಎಚ್ಚರಗೊಳ್ಳುತ್ತದೆ. ಗಂಡಿನ ಕಣ್ಣು ನೀಲಿಗೆ ತಿರುಗುತ್ತದೆ, ಎಷ್ಟೋ ಪ್ರಭೇದಗಳಲ್ಲಿ ಮೈಮೇಲೆ ಮೇಣದಂಥ ಬಿಳಿ ಪುಡಿ ಮೂಡುತ್ತದೆ. ಒಂದೇ ಕೀಟವನ್ನು ಏಪ್ರಿಲ್‌ನಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ನೋಡಿದವರು ಎರಡು ಬೇರೆ ಜೀವಿಗಳೆಂದೇ ತಿಳಿಯುತ್ತಾರೆ.

ನನಗೆ ಇದರಷ್ಟು ಬೆರಗು ಹುಟ್ಟಿಸುವ ಸಂಗತಿ ನಮ್ಮ ನೆಲದಲ್ಲಿ ಇನ್ನೊಂದಿಲ್ಲ. ವರ್ಷಕ್ಕೆ 600 ಮಿಲಿಮೀಟರ್ ಮಳೆಯನ್ನೂ ಖಚಿತವಾಗಿ ನಂಬಲಾಗದ ಊರುಗಳಲ್ಲಿ, ಕಲ್ಲು ಕಾದು ಬೆಂಕಿಯಾಗುವ ಬಿಸಿಲಿನಲ್ಲಿ, ಉಗುರಿನಷ್ಟೂ ತೂಕವಿಲ್ಲದ ಜೀವವೊಂದು ಮುಂದಿನ ಮಳೆಯ ಭರವಸೆಯಲ್ಲಿ ತನ್ನ ವಂಶವನ್ನೆಲ್ಲ ಮೈಯೊಳಗೆ ತಡೆದಿಟ್ಟುಕೊಂಡು ಬದುಕಿರುತ್ತದೆ.

ಹುಡುಕುವುದು ಹೇಗೆ? ನಾನು ಹೆಚ್ಚಾಗಿ ಅಲೆಯುವುದು ಜೋಗಿಮಟ್ಟಿಯ ತಪ್ಪಲಿನ, ವನ್ಯಜೀವಿಧಾಮದ ಗಡಿಯ ಹೊರಗಿನ ಕುರುಚಲಿನಲ್ಲಿ ಮತ್ತು ಹಿರಿಯೂರು ಕಡೆಯ ಬೀಳುಗಳಲ್ಲಿ. ಗಡಿಯೊಳಗೆ ಹೋಗಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಪಡೆಯಲೇಬೇಕು. ಬೆಳಿಗ್ಗೆ ಬಿಸಿಲು ಏರುವ ಮುನ್ನ ಹೊರಡಬೇಕು. ಹತ್ತೂವರೆಯಾದರೆ ನಿಮ್ಮ ಕಣ್ಣೂ ದಣಿಯುತ್ತದೆ, ಕೀಟವೂ ಪೊದೆಯ ಒಳಗೆ ಸರಿಯುತ್ತದೆ. ಇಡೀ ಗುಡ್ಡ ಸುತ್ತಬೇಡಿ. ಮಳೆನೀರು ಹರಿದು ಮಾಡಿದ ಕೊರಕಲೊಂದನ್ನು ಆರಿಸಿಕೊಳ್ಳಿ, ಪೂರ್ವದ ಬಿಸಿಲು ತಡವಾಗಿ ತಲುಪುವ ದಡವನ್ನು ಹಿಡಿಯಿರಿ. ಅಲ್ಲಿ ಗಾಳಿಯ ಹೊಡೆತ ಕಡಿಮೆ, ರಾತ್ರಿಯ ತಂಪು ಸ್ವಲ್ಪ ಹೊತ್ತು ಉಳಿದಿರುತ್ತದೆ. ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳು ತಿರುಗುತ್ತಿರುವ ಕಡೆ ನಾನು ಸಮಯ ಕಳೆಯುವುದಿಲ್ಲ. ಅಷ್ಟು ಗಾಳಿಯಲ್ಲಿ ಇಂಥ ಹಗುರ ಕೀಟ ನಿಲ್ಲಲಾರದು.

ಕಣ್ಣು ಹುಡುಕಬೇಕಾದದ್ದು ಕೀಟವನ್ನಲ್ಲ, ಕೋನವನ್ನು. ಹುಲ್ಲಿನ ಕಡ್ಡಿಗಳೆಲ್ಲ ಮೇಲ್ಮುಖವಾಗಿ ನಿಂತಿರುವಾಗ ಒಂದು ಕಡ್ಡಿ ಮಾತ್ರ ಓರೆಯಾಗಿ ಹೊರಚಾಚಿದ್ದರೆ ಅಲ್ಲಿ ನಿಲ್ಲಿ. ಮೊಣಕಾಲಿನಿಂದ ಎದೆಯ ಎತ್ತರದವರೆಗೆ ಮಾತ್ರ ನೋಡಿ. ಕೋಲಿನ ತುದಿಯಿಂದ ಹುಲ್ಲನ್ನು ಮೆಲ್ಲಗೆ ತಾಕಿಸುತ್ತ ನಡೆಯುವುದು ಇನ್ನೊಂದು ಉಪಾಯ. ಕೀಟ ಎದ್ದು ಒಂದೆರಡು ಮೀಟರ್ ಹಾರಿ ಮತ್ತೆ ಕೂರುತ್ತದೆ. ಕೂರುವ ಆ ಕ್ಷಣದಲ್ಲಿ ಅರ್ಧ ತೆರೆದ ರೆಕ್ಕೆಗೆ ಬೆಳಕು ತಾಗಿ ಮಿಂಚುತ್ತದೆ. ಅದನ್ನು ಕಳೆದುಕೊಂಡರೆ ಮತ್ತೆ ಒಣಹುಲ್ಲೇ.

ಒಂದು ಮೇ ತಿಂಗಳ ಬೆಳಿಗ್ಗೆ ಹಿರಿಯೂರು ಕಡೆಯ ಕೊರಕಲಿನಲ್ಲಿ ಕಾರೆ ಪೊದೆಯ ಬುಡದಲ್ಲಿ ಹೀಗೆ ಎದ್ದು ಕುಳಿತದ್ದು ಗಂಡು. ಎದೆಯ ಮೇಲ್ಭಾಗ ಕಂದು, ಪಕ್ಕಗಳು ಮಾಸಲು. ನಾನು ಮಣ್ಣಿನ ಮೇಲೆ ಮಲಗಿ, ಉಸಿರು ಬಿಗಿಹಿಡಿದು ಅದರ ಬಾಲದ ತುದಿಯ ಚಿತ್ರ ತೆಗೆದೆ. ಬಾಲದ ತುದಿಯೇ ಏಕೆ ಎಂದರೆ ಲೆಸ್ಟಿಸ್ ಗಂಡುಗಳ ಗುರುತು ಇರುವುದು ಅಲ್ಲಿ. ಕೂಡುವಾಗ ಹೆಣ್ಣಿನ ಕುತ್ತಿಗೆಯ ಭಾಗವನ್ನು ಹಿಡಿಯಲು ಅಲ್ಲಿ ಇಕ್ಕಳದಂಥ ಅಂಗಗಳಿವೆ. ಅವುಗಳ ಬಾಗು, ಒಳಬದಿಯ ಹಲ್ಲು, ಕೆಳಗಿನ ಜೋಡಿಯ ಉದ್ದ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಬಣ್ಣ ಬೇಸಿಗೆಯಲ್ಲಿ ಮೋಸ ಮಾಡುತ್ತದೆ, ಇಕ್ಕಳ ಮಾಡುವುದಿಲ್ಲ. ಆದ್ದರಿಂದ ಮೊಬೈಲ್‌ನಲ್ಲಿ ತೆಗೆದರೂ ಸರಿ, ಮೂರು ಕೋನಗಳು ಬೇಕು: ಪಕ್ಕದಿಂದ ಇಡೀ ಎದೆ, ಮೇಲಿನಿಂದ ಬಾಲದ ತುದಿ, ರೆಕ್ಕೆಯ ತುದಿಯ ಬಣ್ಣದ ಚುಕ್ಕೆ. ಸ್ಪ್ರೆಡ್‌ವಿಂಗ್ ಇರಬಹುದೆಂದು ನೀವು ತೆಗೆದು ಕಳಿಸುವ ಚಿತ್ರಗಳಲ್ಲಿ ಹೆಚ್ಚಿನವು ಮುಖದ ಚಿತ್ರಗಳು. ಮುಖ ಚೆನ್ನಾಗಿರುತ್ತದೆ, ಹೆಸರು ಹೇಳಲು ಮಾತ್ರ ಸಾಲುವುದಿಲ್ಲ.

ಆ ಕೊರಕಲಿಗೆ ನಾನು ಹೋದದ್ದು ನಕ್ಷೆ ನೋಡಿ ಅಲ್ಲ. ಆ ಭಾಗದ ಕುರಿಗಾಹಿಯೊಬ್ಬರು ಹೇಳಿದ್ದರಿಂದ. ಯಾವ ಗೋಕಟ್ಟೆ ಯಾವಾಗ ತುಂಬಿತು, ಯಾವುದು ಸಂಕ್ರಾಂತಿಗೆ ಒಣಗುತ್ತದೆ, ಯಾವುದು ಶಿವರಾತ್ರಿವರೆಗೂ ನೀರಿಟ್ಟಿರುತ್ತದೆ, ಯಾವುದರಲ್ಲಿ ಜೇಕು ದಟ್ಟವಾಗಿದೆ ಎಂಬುದೆಲ್ಲ ಅವರಿಗೆ ಬಾಯಲ್ಲೇ ಇದೆ. ಕುರಿಗೆ ನೀರು ಕುಡಿಸಬೇಕಾದವರಿಗೆ ಅದು ಜೀವನದ ಪ್ರಶ್ನೆ. ಅವರು ಹೇಳಿದ್ದನ್ನೆಲ್ಲ ಬರೆದಿಟ್ಟುಕೊಂಡು, ಸಂಕ್ರಾಂತಿಯ ಸುಮಾರಿಗೆ ಒಣಗುವ, ಜೇಕಿರುವ, ಹತ್ತಿರದಲ್ಲೇ ಕುರುಚಲಿರುವ ಕಟ್ಟೆಗಳನ್ನು ಮಾತ್ರ ಆರಿಸಿಕೊಂಡೆ. ಕೀಟಶಾಸ್ತ್ರದ ವಿದ್ಯಾರ್ಥಿಗಳು ಬಲೆ, ಭೂತಗನ್ನಡಿಗಳ ಜೊತೆಗೆ ಕುರಿಗಾಹಿಗಳೊಂದಿಗೆ ಮಾತನಾಡುವ ತಾಳ್ಮೆಯನ್ನೂ ಒಯ್ಯಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ. ಬಲೆ ಇಲ್ಲದೆಯೂ ಕೆಲಸ ನಡೆಯುತ್ತದೆ, ಈ ಮಾತುಕತೆ ಇಲ್ಲದೆ ನಡೆಯುವುದಿಲ್ಲ.

ಮಳೆ ಬಂದ ಮೇಲಿನ ಕತೆಗೆ ಬರೋಣ. ಗೋಕಟ್ಟೆ ತುಂಬಿದಾಗ ಜೋಡಿಗಳು ಒಂದಕ್ಕೊಂದು ಅಂಟಿಕೊಂಡೇ ಜೇಕಿನ ಮೇಲೆ ಇಳಿಯುತ್ತವೆ. ಹೆಣ್ಣು ತನ್ನ ಹೊಟ್ಟೆಯ ತುದಿಯಲ್ಲಿರುವ ಹರಿತವಾದ ಅಂಗದಿಂದ ಕಾಂಡವನ್ನು ಕೊರೆದು ಒಳಗೆ ಮೊಟ್ಟೆ ಸೇರಿಸುತ್ತದೆ, ಅದೂ ಎಷ್ಟೋ ಬಾರಿ ನೀರಿನ ಮಟ್ಟಕ್ಕಿಂತ ಮೇಲೆ. ಇಲ್ಲಿ ಸ್ವಲ್ಪ ದಾರಿ ತಪ್ಪಿ ಇನ್ನೊಂದು ಕೀಟದ ವಿಷಯ ಹೇಳುತ್ತೇನೆ. ಮಳೆಗಾಲ ಕಳೆಯುತ್ತಿದ್ದಂತೆ ನಮ್ಮ ಮೆಕ್ಕೆಜೋಳ, ಶೇಂಗಾ ಹೊಲಗಳ ಮೇಲೆ ಗುಂಪುಗುಂಪಾಗಿ ಹಾರುವ ಹಳದಿ ಏರೋಪ್ಲೇನ್ ಚಿಟ್ಟೆ ನಿಮಗೆ ಗೊತ್ತು. ಅದು ಪ್ಯಾಂಟಾಲ ಫ್ಲೇವೆಸೆನ್ಸ್. ಮಾಲ್ಡೀವ್ಸ್‌ನಲ್ಲಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್, ಇವು ಭಾರತದಿಂದ ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಾದವರೆಗೆ ವಲಸೆ ಹೋಗುತ್ತವೆ ಎಂಬುದಕ್ಕೆ ಆಧಾರಗಳನ್ನು 2009ರಲ್ಲಿ ಪ್ರಕಟಿಸಿದರು. ಸಮುದ್ರ ದಾಟುವ ಈ ಕೀಟ ಮೊಟ್ಟೆಯಿಡಲು ಗಿಡವನ್ನೇ ಕೇಳುವುದಿಲ್ಲ, ತೆರೆದ ನೀರಿಗೆ ಬಾಲ ತಾಕಿಸಿ ಉದುರಿಸಿ ಹೋಗುತ್ತದೆ. ಬಯಲಿನ ಯಾವ ಗುಂಡಿಯೂ ಅದಕ್ಕೆ ಸಾಕು. ಸ್ಪ್ರೆಡ್‌ವಿಂಗ್‌ಗೆ ಮಾತ್ರ ಕಾಂಡ ಬೇಕೇ ಬೇಕು.

ಈ ವ್ಯತ್ಯಾಸ ತಿಳಿದ ಮೇಲೆ ಕೃಷಿ ಹೊಂಡಗಳನ್ನು ನೋಡಿ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ನಮ್ಮ ಹೊಲಗಳಲ್ಲಿ ಹೊಂಡಗಳು ಎದ್ದವು. ನೀರು ಇಂಗದಂತೆ ಪಾಲಿಥೀನ್ ಹಾಳೆ ಹಾಸಲಾಗಿದೆ. ಬೆಳೆ ಬಾಡುವ ಹೊತ್ತಿಗೆ ಒಂದು ನೀರು ಕೊಟ್ಟು ಹೊಲ ಉಳಿಸಿಕೊಂಡ ರೈತರನ್ನು ನಾನು ಕಂಡಿದ್ದೇನೆ, ಹಾಗಾಗಿ ಹೊಂಡ ಬೇಡ ಎನ್ನುವುದಿಲ್ಲ. ಆದರೆ ಕಡಿದಾದ, ನುಣುಪಾದ ಆ ದಡದಲ್ಲಿ ಒಂದು ಜೇಕೂ ಬೇರೂರುವುದಿಲ್ಲ. ಪ್ಯಾಂಟಾಲ ಅಲ್ಲಿ ಮೊಟ್ಟೆಯಿಡಬಲ್ಲದು, ಸ್ಪ್ರೆಡ್‌ವಿಂಗ್ ಸುತ್ತಿ ಹಿಂದಿರುಗುತ್ತದೆ. ಹೊಂಡ ಹೆಚ್ಚಿದವೆಂದು ಗೋಕಟ್ಟೆಯನ್ನು ಮರೆತರೆ ಮಾತ್ರ ನಷ್ಟ. ಹಾಗೆಯೇ ಗೋಕಟ್ಟೆಯ ಹೂಳೆತ್ತುವಾಗ ಯಂತ್ರ ದಡದ ಸುತ್ತಲೂ ಕೆರೆದು ಹಾಕುತ್ತದೆ. ಒಂದು ಬದಿಯನ್ನು ಇಳಿಜಾರಾಗಿ, ಜೇಕು ಸಮೇತ ಬಿಟ್ಟರೆ ಹೂಳೆತ್ತುವ ಉದ್ದೇಶಕ್ಕೆ ಯಾವ ಧಕ್ಕೆಯೂ ಇಲ್ಲ. ಆ ಇಳಿಜಾರಿನಲ್ಲಿ ಕುರಿಮರಿಗಳೂ ಸಲೀಸಾಗಿ ನೀರಿಗಿಳಿಯುತ್ತವೆ. ಪಂಚಾಯಿತಿ ಸದಸ್ಯರು ಇಲ್ಲಿದ್ದೀರಿ ಎಂದು ತಿಳಿದಿದೆ, ಇದು ನನ್ನ ನೇರ ವಿನಂತಿ. ಸೊಳ್ಳೆ ನಿಯಂತ್ರಣಕ್ಕೆಂದು ಗ್ಯಾಂಬೂಸಿಯಾ ಮೀನನ್ನು ಪ್ರತಿ ನೀರಿಗೂ ಬಿಡುವ ಅಭ್ಯಾಸದ ಬಗ್ಗೆಯೂ ಎರಡು ಸಲ ಯೋಚಿಸಿ. ಅಮೆರಿಕ ಮೂಲದ ಆ ಮೀನು ಸೊಳ್ಳೆಮರಿಯನ್ನು ತಿನ್ನುವಂತೆಯೇ ಸೊಳ್ಳೆಮರಿಯನ್ನು ತಿನ್ನುವ ಕೀಟಗಳನ್ನೂ ತಿನ್ನುತ್ತದೆ.

ಜಗಳೂರಿನ ಕಡೆಯವರು ಕೇಳಬಹುದು: ತುಂಗಭದ್ರೆಯಿಂದ ನಮ್ಮ 57 ಕೆರೆಗಳಿಗೆ ನೀರು ತರುವ ಯೋಜನೆಯೂ ಬೇಡವೇ? ಖಂಡಿತ ಬೇಕು. ತಲೆಮಾರುಗಳ ಬಾಯಾರಿಕೆ ಅದು. ಕೆರೆ ತುಂಬಲಿ. ಕೆರೆಗಿಂತ ಮೇಲಿನ ಜಾಗದಲ್ಲಿರುವ, ಮಳೆನೀರಿಗೆ ಮಾತ್ರ ತುಂಬಿ ಒಣಗುವ ಸಣ್ಣ ಕಟ್ಟೆಗಳನ್ನು ಅವುಗಳ ಪಾಡಿಗೆ ಬಿಡೋಣ ಎಂಬುದಷ್ಟೇ ನನ್ನ ಮಾತು. ಅವುಗಳ ಸುತ್ತಲಿನ ಕುರುಚಲನ್ನೂ ಬಿಡೋಣ. ದಾಖಲೆಯಲ್ಲಿ ಅದನ್ನು ಪಾಳುಭೂಮಿ ಎಂದು ಬರೆದಿರುತ್ತಾರೆ. ಕಟ್ಟೆಯಲ್ಲಿ ಕೆಲವು ವಾರ ಬೆಳೆದು ತಿಂಗಳುಗಟ್ಟಲೆ ಕುರುಚಲಿನಲ್ಲಿ ಬದುಕುವ ಕೀಟಕ್ಕೆ ಎರಡರಲ್ಲಿ ಒಂದು ಉಳಿದರೆ ಸಾಲದು. ಕುರುಚಲು ಕಡಿದು ಸಾಲಾಗಿ ನೀಲಗಿರಿ ನೆಟ್ಟು ಹಸಿರಾಯಿತು ಎಂದು ಸಂತೋಷಪಡುವಾಗ ಅಲ್ಲಿ ಮಳೆ ಕಾಯುತ್ತಿದ್ದ ಒಂದು ತಲೆಮಾರೇ ಅಳಿಸಿಹೋಗಿರುತ್ತದೆ.

ಇಂಥ ಕೀಟದಿಂದ ಏನು ಪ್ರಯೋಜನ ಎಂದು ಒಂದು ಚೀಟಿ ಬಂದಿದೆ. ಮರಿ ಸೊಳ್ಳೆಮರಿ ತಿನ್ನುತ್ತದೆ, ದೊಡ್ಡದು ಸೊಳ್ಳೆ ತಿನ್ನುತ್ತದೆ ಎಂದು ಹೇಳಿ ನಿಮ್ಮನ್ನು ಒಪ್ಪಿಸಬಹುದು. ಅದು ನಿಜವೂ ಹೌದು. ಆದರೆ ಆ ಒಂದೇ ಉತ್ತರದಲ್ಲಿ ನಿಲ್ಲಲು ನನಗೆ ಮನಸ್ಸಿಲ್ಲ. ನಮ್ಮ ಬರವನ್ನು ನಮಗಿಂತ ಹಳೆಯ ಕಾಲದಿಂದ ಬಲ್ಲ, ಅದಕ್ಕೆ ಒಗ್ಗಿಕೊಂಡು ಬಾಳಿದ ಜೀವ ಅದು. ಪಕ್ಕದ ಹೊಲದವರ ಪರಿಚಯ ಮಾಡಿಕೊಳ್ಳಲು ಪ್ರಯೋಜನದ ಲೆಕ್ಕ ಹಾಕುವುದಿಲ್ಲವಲ್ಲ.

ಮುಂದಿನ ಬೇಸಿಗೆಗೆ ನಾವು ಮಾಡಬೇಕಾದ ಕೆಲಸ ಇದು. ಭರಣಿ ಮಳೆ ಬೀಳುವ ಮುನ್ನ, ಏಪ್ರಿಲ್ ತಿಂಗಳಲ್ಲಿ, ಪ್ರತಿಯೊಬ್ಬರೂ ತಮ್ಮ ಊರ ಹತ್ತಿರದ ಒಣಗಿದ ಗೋಕಟ್ಟೆಯೊಂದನ್ನು ಆರಿಸಿ ಅದರ ಸುತ್ತ ಅರ್ಧ ಕಿಲೋಮೀಟರ್ ಕುರುಚಲು ನೋಡಿ. ಸ್ಪ್ರೆಡ್‌ವಿಂಗ್ ಸಿಕ್ಕಿದರೆ ಮೂರು ಚಿತ್ರ, ಕುಳಿತ ಗಿಡದ ಹೆಸರು, ನೆಲದಿಂದ ಎತ್ತರ, ನೆರಳಿತ್ತೋ ಇಲ್ಲವೋ, ಕಟ್ಟೆಯಿಂದ ದೂರ ಇಷ್ಟನ್ನು ಬರೆಯಿರಿ. ಸಿಗದಿದ್ದರೆ ಸಿಗಲಿಲ್ಲ ಎಂದು ದಿನಾಂಕ, ಸಮಯದೊಂದಿಗೆ ಬರೆಯಿರಿ, ಅದೂ ಅಷ್ಟೇ ಬೆಲೆಯ ದಾಖಲೆ. ಚಿತ್ರಗಳನ್ನು ಐನ್ಯಾಚುರಲಿಸ್ಟ್ ಎಂಬ ಜಾಲತಾಣಕ್ಕೆ ಹಾಕಿ, ಪ್ರಭೇದದ ಹೆಸರು ಖಚಿತವಿಲ್ಲದಿದ್ದರೆ ಲೆಸ್ಟಿಸ್ ಎಂದಷ್ಟೇ ಹಾಕಿದರೂ ಸಾಕು. ಮತ್ತೆ ಅಕ್ಟೋಬರ್‌ನಲ್ಲಿ, ಚಿತ್ತಾ ಮಳೆಯ ನಂತರ, ಅದೇ ಕಟ್ಟೆಗೆ ಹೋಗಿ ಜೇಕಿನ ಮೇಲೆ ಜೋಡಿಗಳಿವೆಯೇ ನೋಡಿ. ಬೇರೆ ಕಟ್ಟೆಗೆ ಹೋಗಬೇಡಿ, ಅದೇ ಕಟ್ಟೆ ಆಗಬೇಕು. ರಂಗಯ್ಯನದುರ್ಗದ ಕೊಂಡುಕುರಿ ವನ್ಯಜೀವಿಧಾಮದ ಹೊರಂಚಿನ ಹಳ್ಳಿಗಳಿಂದ ಬಂದವರು, ಮೊಳಕಾಲ್ಮೂರು, ಹೊಸದುರ್ಗದಿಂದ ಬಂದವರು ದಯವಿಟ್ಟು ಸ್ವಲ್ಪ ಹೊತ್ತು ಉಳಿಯಿರಿ. ನಿಮ್ಮ ಊರಿನ ಕಟ್ಟೆಗಳ ಹೆಸರು ಮತ್ತು ಅವು ಒಣಗುವ ತಿಂಗಳನ್ನು ಈ ದಿನವೇ ಕುಳಿತು ಪಟ್ಟಿ ಮಾಡಿಬಿಡೋಣ.